ಆಗ್ನೇಯ ಮೂಲೆಯ ಬಿಸಿನೀರು

ನಮ್ಮತ್ತೆಯ ಕೆಮ್ಮಿಗೆ ಹೊಗೆಯೇ ಕಾರಣ ಎಂದು ಡಾಕ್ಟರು ಹೇಳಿದ ದಿನ ನಾನು ಒಳಗೊಳಗೇ ಖುಷಿಪಟ್ಟೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ. ಚಾಮರಾಜಪೇಟೆಯ ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ಬಚ್ಚಲುಮನೆಯ ತಾಮ್ರದ ಹಂಡೆಗೂ ನನಗೂ ಎಣ್ಣೆ ಸೀಗೆಕಾಯಿ. ಕಾಟನ್‌ಪೇಟೆ ಕಡೆಯ ಡಿಪೋದಿಂದ ಸೌದೆ ತರಿಸಬೇಕು, ಒಡೆಸಬೇಕು, ಮಳೆ ಬಂದರೆ ಒಳಗೆ ಸಾಗಿಸಬೇಕು. ಇಷ್ಟೆಲ್ಲ ಆದಮೇಲೆ ಬೆಳಿಗ್ಗೆ ಐದಕ್ಕೆ ಅದರ ಹೊಗೆ ಮನೆಯೆಲ್ಲ ತುಂಬಿ, ನಾನು ಸ್ಕೂಲಿಗೆ ಹೊರಡುವ ಹೊತ್ತಿಗೆ ಸೀರೆಗೂ ಅದೇ ವಾಸನೆ. ಎಂಟನೇ ಕ್ಲಾಸಿನ ಹುಡುಗಿಯರು ಮೂಗು ಮುಚ್ಚಿಕೊಂಡು ನಕ್ಕಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಬಚ್ಚಲಿನಲ್ಲಿ ಗೀಸರೂ ಇತ್ತು. ನಾನೂ ನಮ್ಮ ಯಜಮಾನರೂ ಅದರಲ್ಲೇ ಸ್ನಾನ ಮಾಡುತ್ತಿದ್ದೆವು. ಅತ್ತೆಗೆ ಒಮ್ಮೆ ಅದರ ನಲ್ಲಿಯಿಂದ ಷಾಕ್ ಹೊಡೆದಿತ್ತು. ಆವತ್ತಿನಿಂದ ಅವರು ಅದನ್ನು ತಿರುಗಿಯೂ ನೋಡಲಿಲ್ಲ. ನಸುಕಿಗೇ ಎದ್ದು, ಒದ್ದೆ ಸೌದೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಊದುಕೊಳವೆಯಲ್ಲಿ ಊದಿ ಊದಿ ನೀರು ಕಾಯಿಸಿಕೊಂಡು, ಮಡಿಯುಟ್ಟು ದೇವರ ಮನೆಗೆ ಹೋಗುವುದು ಅವರ ಕ್ರಮ. ಅವರ ಸ್ನಾನವಾಗುವ ತನಕ ಬಚ್ಚಲಿಗೆ ಯಾರೂ ಕಾಲಿಡುವಂತಿಲ್ಲ. ಮೊದಲ ನೀರು ಅವರದು.

ಆ ವರ್ಷ ಕೆಮ್ಮು ಉಬ್ಬಸಕ್ಕೆ ತಿರುಗಿತು. ಡಾಕ್ಟರು ನನ್ನನ್ನೂ ನಮ್ಮ ಯಜಮಾನರನ್ನೂ ಕೂರಿಸಿಕೊಂಡು ಮುಖ ಗಂಟಿಕ್ಕಿಯೇ ಹೇಳಿದರು: "ನೋಡಿ, ಈ ಶ್ವಾಸಕೋಶ ಇನ್ನು ಹೊಗೆ ತಡ್ಕೊಳ್ಳಲ್ಲ. ಚಳೀನೂ ತಡ್ಕೊಳ್ಳಲ್ಲ. ಎರಡರಲ್ಲಿ ಯಾವುದಾದ್ರೂ ಒಂದು ಸಾಕು, ಜೀವಕ್ಕೇ ಬರತ್ತೆ."

ಸರಿ, ಸೋಲಾರ್ ಹಾಕಿಸುವುದೆಂದು ನಾನು ತೀರ್ಮಾನಿಸಿದೆ. ತ್ಯಾಗರಾಜನಗರದಲ್ಲಿ ನಮ್ಮ ಸ್ಕೂಲಿನ ಹಿಂದಿ ಮೇಡಂ ಮನೆಯ ತಾರಸಿಯಲ್ಲಿ ಅದನ್ನು ನೋಡಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆಗೆಲ್ಲ ಬೀದಿಗೊಂದೋ ಎರಡೋ ಮನೆಯ ಮೇಲೆ ಕಾಣುವ ವಸ್ತು ಅದು. ಬೆಲೆ ಹದಿನೆಂಟು ಸಾವಿರ. ನಮ್ಮ ಯಜಮಾನರು ಕಾಫಿ ಲೋಟ ಕೆಳಗಿಟ್ಟರು.

"ಹದಿನೆಂಟು ಸಾವಿರ! ನೀರು ಕಾಯಿಸೋಕೆ!"

"ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ಅಂತೀರಾ? ಲೆಕ್ಕ ನೋಡಿ." ನಾನು ಗಣಿತದ ಮೇಡಂ, ಕಾಗದ ಸಿದ್ಧವಾಗಿಯೇ ಇತ್ತು. ಸೌದೆಯ ಖರ್ಚು, ಗೀಸರಿನ ಕರೆಂಟು, ಸೋಲಾರ್ ಇದ್ದವರಿಗೆ ಬಿಲ್ಲಿನಲ್ಲಿ ಬಿಡುವ ಚೂರುಪಾರು ರಿಯಾಯಿತಿ, ಎಲ್ಲ ಸೇರಿ ತಿಂಗಳಿಗೆ ಮುನ್ನೂರು ಉಳಿತಾಯ. ಅರವತ್ತು ತಿಂಗಳು. "ಐದು ವರ್ಷಕ್ಕೆ ಅಸಲು ವಾಪಸ್ಸು. ಆಮೇಲೆ ಬರೋ ನೀರೆಲ್ಲ ಬಿಟ್ಟಿ."

ಅವರು ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ಸಾಲ ನನ್ನ ಸ್ಕೂಲಿನ ಸೊಸೈಟಿಯದು, ಕಡಿತ ನನ್ನ ಸಂಬಳದಲ್ಲಿ. ಆದರೂ ಷರತ್ತು ಹಾಕದೆ ಬಿಡಲಿಲ್ಲ. "ಐದು ವರ್ಷ ಅಂದ್ರೆ ಐದೇ ವರ್ಷ. ಒಂದು ತಿಂಗಳು ಜಾಸ್ತಿ ಆದ್ರೂ ಇನ್ಮೇಲೆ ದುಡ್ಡಿನ ವಿಷಯಕ್ಕೆ ನೀನು ಬಾಯಿ ಹಾಕೋ ಹಾಗಿಲ್ಲ."

ಅರ್ಧ ತಮಾಷೆ, ಅರ್ಧ ನಿಜ. ಆ ನಿಜದ ಅರ್ಧವೇ ನನಗೆ ಚುಚ್ಚಿದ್ದು. "ಆಯ್ತು ಕಣ್ರೀ, ಮಾತು ಕೊಟ್ಟೆ," ಅಂದೆ. ಅತ್ತೆ ಬಾಗಿಲ ಬಳಿ ಹೂಬತ್ತಿ ಹೊಸೆಯುತ್ತ ಕೂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು.

ಅವರನ್ನು ಒಪ್ಪಿಸುವುದು ಇನ್ನೊಂದು ಕಷ್ಟ. "ಬಿಸಿಲಲ್ಲಿ ಕಾದ ನೀರಂತೆ, ಪೈಪಲ್ಲಿ ಬರತ್ತಂತೆ. ಅದು ಮಡಿಗೆ ಬರತ್ತೇನೇ?"

"ಸೂರ್ಯನಿಗಿಂತ ಮಡಿ ಯಾರಮ್ಮ? ದಿನಾ ಬೆಳಿಗ್ಗೆ ಅವನಿಗೇ ಅಲ್ವಾ ನೀವು ಕೈ ಮುಗಿಯೋದು?"

"ಎಲ್ಲಿಡ್ತಾರೆ ಅದನ್ನ?"

ಇಲ್ಲಿ ನಾನು ನನ್ನ ಜಾಣತನ ತೋರಿಸಿದೆ. ಆಗ ನಮ್ಮ ಬಡಾವಣೆಗಳಿಗೆಲ್ಲ ವಾಸ್ತುವಿನ ಹುಚ್ಚು ಹಿಡಿದಿತ್ತು. ಒಳ್ಳೊಳ್ಳೆಯ ಬಾಗಿಲು ಕಿತ್ತು ಆ ಕಡೆಯಿಂದ ಈ ಕಡೆಗೆ ಇಡುತ್ತಿದ್ದರು. ನಾನು ತಟ್ಟನೆ, "ಆಗ್ನೇಯದಲ್ಲಿ ಅಮ್ಮ, ಅಡುಗೆಮನೆ ಮೇಲೇ. ಅಗ್ನಿ ಇರ್ಬೇಕಾದ್ದು ಅಗ್ನಿಮೂಲೇಲೇ ಇರತ್ತೆ," ಅಂದೆ. ಅವರ ಮುಖ ಸಡಿಲವಾಯಿತು. "ಹಾಗಾದ್ರೆ ಸರಿ," ಅಂದರು. ಮೂವತ್ತು ವರ್ಷ ಉರಿಸಿದ ಒಲೆಯನ್ನು ಆ ಒಂದು ಮಾತಿಗೆ ಬಿಟ್ಟುಕೊಟ್ಟರು.

ಫಿಟ್ ಮಾಡಲು ಬಂದವನು ಮಾತ್ರ ತಲೆ ಕೆರೆದುಕೊಂಡ. ನಮ್ಮ ಬಚ್ಚಲು ಇದ್ದದ್ದು ಹಿಂದುಗಡೆ ವಾಯುವ್ಯದಲ್ಲಿ, ಅಂದರೆ ಆಗ್ನೇಯಕ್ಕೆ ನೇರ ಎದುರು ಮೂಲೆ. "ಮೇಡಂ, ಬಚ್ಚಲ ಮೇಲೇ ಇಟ್ರೆ ಹತ್ತಡಿ ಪೈಪು ಸಾಕು. ಆ ಮೂಲೆಗಿಟ್ರೆ ತಾರಸಿ ಉದ್ದಕ್ಕೂ ಎಳೀಬೇಕು. ಪೈಪಲ್ಲಿ ನಿಂತಿರೋ ನೀರು ರಾತ್ರಿಯೆಲ್ಲ ತಣ್ಣಗಾಗ್ಬಿಡತ್ತೆ."

"ಅಲ್ಲೇ ಇರ್ಲಪ್ಪ. ಅದಕ್ಕೆ ಕಾರಣ ಇದೆ."

"ಹಾಗಾದ್ರೆ ಶಾಖ ಹೊರಗೆ ಹೋಗದ ಹಾಗೆ ಪೈಪಿಗೆ ಪೂರ್ತಿ ಪಟ್ಟಿ ಸುತ್ತಿಸ್ಬಿಡಿ. ಸಾವಿರದಿನ್ನೂರು ಆಗತ್ತೆ."

ಸಾವಿರದಿನ್ನೂರು ಅಂದರೆ ಇನ್ನು ನಾಲ್ಕು ತಿಂಗಳು. ಐದು ವರ್ಷವೆಂದದ್ದು ಐದು ವರ್ಷ ನಾಲ್ಕು ತಿಂಗಳಾಗುತ್ತದೆ. ನಮ್ಮ ಯಜಮಾನರ ಮುಖ ಕಣ್ಣ ಮುಂದೆ ಬಂತು. ಇವನಿಗೂ ಬಿಲ್ ಏರಿಸುವ ಚಾಳಿ, ಮೂಗಿಗಿಂತ ಮೂಗುತಿ ಭಾರ ಎಂದು ಮನಸ್ಸಿನಲ್ಲೇ ಬೈದುಕೊಂಡು, "ಸುತ್ತೋದೂ ಬೇಡ ಏನೂ ಬೇಡ, ಹಾಗೇ ಬಿಡಿ," ಎಂದೆ. ಅವನು ಭುಜ ಕುಣಿಸಿ ಕೆಲಸಕ್ಕೆ ಹೋದ.

ಮರುದಿನ ಮಧ್ಯಾಹ್ನ ಅವನೇ ಬಂದು ಬಚ್ಚಲಿನ ನಲ್ಲಿ ಬಿಟ್ಟು ತೋರಿಸಿದ. ನೀರಿಗೆ ಬೆರಳೊಡ್ಡಿ ನಾನು ಹಾ ಎಂದು ಕೈ ಎಳೆದುಕೊಂಡೆ. ಅತ್ತೆಯನ್ನು ಕೂಗಿದರೆ ಅವರು ಹಜಾರದಿಂದಲೇ, "ನಾನು ಮಡೀಲಿದೀನಿ, ಅವನು ಮುಟ್ಟಿರೋ ನೀರು ಬೇಡ. ನಾಳೆ ನೋಡ್ತೀನಿ ಬಿಡು," ಅಂದರು. ಮರುದಿನ ಐದಕ್ಕೆ ಅವರ ಸ್ನಾನವಾಯಿತು. ಅವರು ದೇವರ ಮನೆಗೆ ಹೋಗುತ್ತಲೇ ನಾನು ಬಚ್ಚಲಿಗೆ ಓಡಿ ನಲ್ಲಿ ತಿರುಗಿಸಿದೆ. ತಿರುಗಿಸಿದ್ದೇ ತಡ, ಹಬೆಯಾಡುವ ನೀರು. ಪೈಪಲ್ಲಿ ತಣ್ಣಗಾಗುತ್ತದಂತೆ, ಸುಳ್ಳ! ಆ ದಿನವೆಲ್ಲ ಸ್ಕೂಲಿನಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ.

"ಹೇಗಿತ್ತಮ್ಮ ನೀರು?" ಎಂದು ಸಂಜೆ ಕೇಳಿದೆ.

"ಚೆನ್ನಾಗಿದೆ ಕಣೇ," ಅಂದರು.

ಬೇಸಿಗೆ ಕಳೆಯುವ ತನಕ ಕೆಮ್ಮು ಕಮ್ಮಿಯಾಗಿತ್ತು. ನಾನು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಪ್ರತಿ ತಿಂಗಳೂ ಉಳಿತಾಯ ಬರೆಯುತ್ತಿದ್ದೆ. ಅತ್ತೆ ತಪ್ಪದೆ, "ಎಷ್ಟಾಯ್ತೇ? ಇನ್ನೆಷ್ಟಿದೆ?" ಎಂದು ಕೇಳುತ್ತಿದ್ದರು. ಮಗನ ಪರವಾಗಿ ನನ್ನನ್ನು ತನಿಖೆ ಮಾಡುತ್ತಿದ್ದಾರೆ ಎಂದುಕೊಂಡು ನಾನು ಮೊಟಕಾಗಿ ಉತ್ತರ ಕೊಡುತ್ತಿದ್ದೆ.

ಚಳಿ ಬಂತು, ಕೆಮ್ಮೂ ಬಂತು. ಮೊದಲ ವರ್ಷ ಔಷಧಿಯಲ್ಲಿ ಹೋಯಿತು. ಎರಡನೇ ವರ್ಷ ಹೆಚ್ಚಾಯಿತು. ರಾತ್ರಿ ಗೋಡೆಯಾಚೆ ಅವರು ಎದ್ದು ಕೂತು ಉಸಿರೆಳೆಯುವ ಸದ್ದು, ಹಳೇ ಹಾರ್ಮೋನಿಯಂ ತಿದಿಯಂತೆ. ನಮ್ಮ ಯಜಮಾನರು ಹಾಸಿಗೆಯಲ್ಲೇ ಸೂರು ನೋಡುತ್ತ ಹೇಳುತ್ತಿದ್ದರು, "ಹೊಗೆ ಇಲ್ಲ, ಚಳಿ ನೀರಿಲ್ಲ. ಮತ್ತೆ ಯಾಕೆ? ನಿನ್ನ ಹದಿನೆಂಟು ಸಾವಿರ ಏನು ಮಾಡ್ತು ಹೇಳು."

ಉತ್ತರವಿಲ್ಲದಾಗ ಮನುಷ್ಯರು ಮಾಡುವುದನ್ನೇ ನಾನೂ ಮಾಡಿದೆ, ಬೇರೆಯವರ ಮೇಲೆ ಅನುಮಾನಪಟ್ಟೆ. ಮುದುಕಿ ಕದ್ದು ಒಲೆ ಹಚ್ಚುತ್ತಿದ್ದಾಳೆ. ಹಿತ್ತಲಲ್ಲಿ ತೆಂಗಿನ ಕರಟ ಇನ್ನೂ ಇದ್ದವು, ಹಂಡೆಯನ್ನು ಗುಜರಿಗೆ ಹಾಕಲು ಅವರು ಬಿಟ್ಟಿರಲಿಲ್ಲ. ಬಾಗಿಲು ಹಾಕಿಕೊಂಡು ಒಳಗೇನು ಮಾಡುತ್ತಾರೋ ಯಾರು ಕಂಡವರು? ಮೂರನೇ ವರ್ಷದ ಕಾರ್ತಿಕದಲ್ಲಿ ಕೆಮ್ಮು ಮತ್ತೆ ಏಳುತ್ತಲೇ, ಒಂದು ರಾತ್ರಿ ಒಲೆಯ ಬಾಯಿಗೆ ಅಡ್ಡಲಾಗಿ ಚಾಕ್‌ಪೀಸಿನಲ್ಲಿ ಗೆರೆ ಎಳೆದೆ. ಬೆಳಿಗ್ಗೆ ಅವರ ಸ್ನಾನವಾದ ಮೇಲೆ ಹೋಗಿ ನೋಡಿದರೆ ಗೆರೆ ಹಾಗೇ ಇತ್ತು. ಎರಡನೇ ದಿನವೂ ಇತ್ತು. ಒಂದು ವಾರ ನೋಡಿದೆ. ಆದರೂ ನನ್ನ ಅನುಮಾನ ಕರಗಲಿಲ್ಲ. ಗೆರೆಯನ್ನು ದಾಟಿಸಿ ಹಚ್ಚುವಷ್ಟು ಚಾಲಾಕಿ ಎಂದು ಅವರಿಗೇ ಮಾರ್ಕು ಕೊಟ್ಟೆ.

ಕೊನೆಗೆ ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟೆ. "ಅಮ್ಮ, ನಿಜ ಹೇಳಿ. ಒಲೆ ಹಚ್ತಿದೀರಾ?"

ಅವರು ನನ್ನ ಮುಖವನ್ನೇ ನೋಡಿದರು. "ಆ ಗೆರೆ ಎಳೆದಿದ್ದು ನೀನೇನಾ?"

ನಾನು ತಲೆ ತಗ್ಗಿಸಲೂ ಇಲ್ಲ. "ಮತ್ತೆ ಈ ಕೆಮ್ಮು ಎಲ್ಲಿಂದ ಬಂತು? ಡಾಕ್ಟ್ರು ಏನು ಹೇಳಿದಾರೆ ಗೊತ್ತಲ್ಲ?"

"ನಾನು ಒಲೆ ಹಚ್ಚಿಲ್ಲ," ಅಂದರು. ಅಷ್ಟೇ. ಎರಡು ದಿನ ನನ್ನೊಡನೆ ಮಾತಿಲ್ಲ. ಮಾಡಿದ ಸಾರಿಗೆ ಉಪ್ಪು ಸಾಲದಿದ್ದರೂ ಹೇಳಲಿಲ್ಲ. ನನಗೂ ಹಟ, ನಾನೂ ಕೇಳಲಿಲ್ಲ.

ಧನುರ್ಮಾಸ ಬಂತು. ಸೂರ್ಯ ಹುಟ್ಟುವ ಮೊದಲೇ ಪೂಜೆ, ಹುಗ್ಗಿಯ ನೈವೇದ್ಯ ಆಗಬೇಕು. ಹಾಗಾಗಿ ಅತ್ತೆಯ ಸ್ನಾನ ಐದರಿಂದ ನಾಲ್ಕಕ್ಕೆ ಹೋಯಿತು. "ಈ ವರ್ಷ ಬಿಟ್ಬಿಡಮ್ಮ," ಎಂದು ಮಗ ಕೈ ಹಿಡಿದು ಕೇಳಿದರು. "ಬಿಸಿನೀರಿದೆಯಲ್ಲೋ, ಏನಾಗತ್ತೆ," ಎಂದು ಅವರು ನಕ್ಕರು.

ನಾಲ್ಕನೆಯ ದಿನವೋ ಐದನೆಯ ದಿನವೋ. ಪೂಜೆಯ ಗಂಟೆಯ ಸದ್ದು ಬರಬೇಕಾದ ಹೊತ್ತಿಗೆ ಬರಲಿಲ್ಲ. ನಾನು ಹಾಸಿಗೆಯಲ್ಲೇ ಕಿವಿಗೊಟ್ಟು ಕಾದೆ. ಅತ್ತೆಯ ಮುನಿಸು ಇನ್ನೂ ಪೂರ್ತಿ ಇಳಿದಿಲ್ಲ, ಹೋದರೆ ಮಡಿ ಕೆಟ್ಟಿತು ಎನ್ನುತ್ತಾರೆ ಎಂದು ಇನ್ನೂ ಸ್ವಲ್ಪ ಕಾದೆ. ಆಮೇಲೆ ತಡೆಯಲಾರದೆ ಎದ್ದು ಹೋದೆ. ದೇವರ ಮನೆಯ ಬಾಗಿಲಿಗೆ ಒರಗಿ ಕೂತಿದ್ದರು. ಬಾಯಿ ತೆರೆದಿತ್ತು. ಗಾಳಿ ಒಳಗೆ ಹೋಗುತ್ತಿರಲಿಲ್ಲ. ತುಟಿ ನೇರಳೆ ಹಣ್ಣು ತಿಂದವರ ಹಾಗೆ. ಕೈ ಹಿಡಿದೆ, ಮಂಜುಗಡ್ಡೆ. "ಅಮ್ಮಾ!" ಎಂದು ಕಿರುಚಿದ್ದು ಮಾತ್ರ ನೆನಪಿದೆ. ಅವರು ಮಾತಾಡಲು ನೋಡಿದರು. ಬಂದದ್ದು ಸೀಟಿಯಂಥ ಒಂದು ಸದ್ದು.

ಆ ಹೊತ್ತಿನಲ್ಲಿ ಆಟೋ ಸಿಗುವುದೆಂದರೆ! ನಮ್ಮ ಯಜಮಾನರು ಬರಿಗಾಲಿನಲ್ಲಿ ಮುಖ್ಯರಸ್ತೆಗೆ ಓಡಿದರು. ನಾನು ಅತ್ತೆಯನ್ನು ಎದೆಗೆ ಒರಗಿಸಿಕೊಂಡು ಬೆನ್ನು ತಿಕ್ಕುತ್ತ ಕೂತೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಎಣಿಸುತ್ತಿದ್ದೆ. ಮೂರು, ನಾಲ್ಕು, ಐದು. ಆರಕ್ಕೆ ಹೋದಾಗ ಎಣಿಸುವುದನ್ನು ಬಿಟ್ಟು ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ನರ್ಸಿಂಗ್ ಹೋಮಿನಲ್ಲಿ ಆಕ್ಸಿಜನ್ ಹಾಕಿದರು. ಡ್ಯೂಟಿ ಡಾಕ್ಟರು ಹೊರಬಂದು, "ವಿಪರೀತ ಚಳಿ ಬಡಿದಿದೆ. ಇವರಿಗೆ ತಣ್ಣೀರು ಸ್ನಾನ ಮಾಡ್ಸಿದ್ರಾ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ, ಮನೇಲಿ ಸೋಲಾರ್ ಇದೆ," ಎಂದೆ. ಆಗಲೂ ನನ್ನ ದನಿಯಲ್ಲಿ ಜಂಬವಿತ್ತೆಂದು ಈಗ ಅನಿಸುತ್ತದೆ.

ಇಪ್ಪತ್ತನಾಲ್ಕು ಗಂಟೆ ಏನೂ ಹೇಳಲಾಗುವುದಿಲ್ಲ ಎಂದರು. ಆ ರಾತ್ರಿ ನಮ್ಮ ಯಜಮಾನರು ಅಲ್ಲೇ ಉಳಿದರು, ನಾನು ಮನೆಗೆ ಬಂದೆ. ನಿದ್ದೆ ಬರಲಿಲ್ಲ. ಅವರ ಧನುರ್ಮಾಸದ ಪೂಜೆ ನಿಲ್ಲಬಾರದು, ನಿಂತರೆ ಏನಾದರೂ ಆಗಿಬಿಡುತ್ತದೆ ಎನ್ನುವ ಭಯ ಹಿಡಿದುಬಿಟ್ಟಿತು. ಲೆಕ್ಕ ಹೇಳಿಕೊಡುವವಳಿಗೆ ಈ ಭಯ ತಕ್ಕದ್ದಲ್ಲ, ಆದರೂ ಹಿಡಿಯಿತು. ನಾಲ್ಕಕ್ಕೆ ಎದ್ದು ಬಚ್ಚಲಿಗೆ ಹೋದೆ. ಆ ಮನೆಗೆ ಬಂದು ಅಷ್ಟು ವರ್ಷಗಳಲ್ಲಿ ದಿನದ ಮೊದಲ ನೀರಿಗೆ ನಾನು ಕೈಯೊಡ್ಡಿದ್ದು ಅದೇ ಮೊದಲು. ಅತ್ತೆ ಊರಲ್ಲಿಲ್ಲದ ದಿನ ಎಂಬುದೇ ಇರಲಿಲ್ಲ.

ನಲ್ಲಿ ತಿರುಗಿಸಿದೆ. ತಣ್ಣೀರು.

ಕೆಟ್ಟುಹೋಗಿದೆ ಎಂದುಕೊಂಡೆ. ಇಂಥ ದಿನವೇ ಕೆಡಬೇಕಾ ಎಂದು ಸಿಟ್ಟೇ ಬಂತು. ಬಕೆಟ್ಟು ತುಂಬುತ್ತ ಬಂತು, ಕಾಲು, ಅರ್ಧ, ಮುಕ್ಕಾಲು. ಕೊರೆಯುವ ನೀರು. ಕಂಠದವರೆಗೂ ತುಂಬಿತು. ನಲ್ಲಿ ನಿಲ್ಲಿಸಲು ಕೈ ಚಾಚಿದಾಗ ಬೆರಳಿಗೆ ಬೆಚ್ಚಗೆ ತಾಗಿತು. ಮರುಕ್ಷಣ ಬಿಸಿ. ಆಮೇಲೆ ಕೈ ಇಡಲಾಗದಷ್ಟು ಬಿಸಿ, ಬಚ್ಚಲೆಲ್ಲ ಹಬೆ.

ಅತ್ತೆಯ ಸ್ನಾನ ಒಂದೇ ಬಕೆಟ್ಟು. ದಿನ ಬಿಟ್ಟು ದಿನ ಬರುವ ಕಾವೇರಿ ನೀರಿನಲ್ಲಿ ಸಂಸಾರ ಮಾಡಿದವರು ಎರಡನೆಯ ಬಕೆಟ್ಟಿಗೆ ಆಸೆಪಡುವವರಲ್ಲ, ಬಂದ ನೀರನ್ನು ಚೆಲ್ಲುವವರಂತೂ ಅಲ್ಲವೇ ಅಲ್ಲ. ರಾತ್ರಿಯೆಲ್ಲ ತಾರಸಿಯ ಚಳಿಯಲ್ಲಿ ಬೆತ್ತಲೆ ಪೈಪಿನೊಳಗೆ ನಿಂತ ನೀರು ಸರಿಯಾಗಿ ಒಂದು ಬಕೆಟ್ಟು. ಅದು ಅವರದು. ಅವರು ಹೊರಬಂದ ಮೇಲೆ ಬರುತ್ತಿದ್ದುದು ನನ್ನದು. ನಲ್ಲಿ ತಿರುಗಿಸಿದ್ದೇ ತಡ ಬಿಸಿನೀರು ಎಂದು ಸ್ಟಾಫ್ ರೂಮಿನಲ್ಲಿ ನಾನು ಕೊಚ್ಚಿಕೊಂಡದ್ದೆಲ್ಲ ಅವರ ಮೈಮೇಲೆ ಹಾದು ಬಂದ ಬಿಸಿ. ಮೂರನೇ ಚಳಿಗಾಲ ಇದು. ನಾಲ್ಕು ತಿಂಗಳ ಲೆಕ್ಕ ಉಳಿಸಲು ನಾನು ಈ ಮುದುಕಿಯ ಶ್ವಾಸಕೋಶ ತೆತ್ತಿದ್ದೆ. ಆ ತಣ್ಣೀರನ್ನು ಒಂದು ಚೊಂಬು ತೆಗೆದು ತಲೆಯ ಮೇಲೆ ಸುರಿದುಕೊಂಡೆ. ಉಸಿರು ಕಟ್ಟಿತು. ನನಗೆ ಮೂವತ್ತೆಂಟು, ಅವರಿಗೆ ಎಪ್ಪತ್ತು. ಅಲ್ಲೇ ಒದ್ದೆ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಪೂಜೆಯಲ್ಲಿ ಏನು ಹೇಳಿದೆನೋ ನೆನಪಿಲ್ಲ. ಬೆಳಕು ಹರಿಯುತ್ತಲೇ ನರ್ಸಿಂಗ್ ಹೋಮಿಗೆ ಹೋದೆ. ಅತ್ತೆಯ ಮೂಗಿಗೆ ಕೊಳವೆ ಇತ್ತು, ಕಣ್ಣು ಬಿಟ್ಟಿದ್ದರು. ನಾನು ಹಾಸಿಗೆಯ ಪಕ್ಕ ಕೂತು ಅವರ ಕೈ ಹಿಡಿದುಕೊಂಡೆ. ನಮ್ಮ ಯಜಮಾನರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದರು.

"ಅಮ್ಮ, ತಣ್ಣೀರಲ್ಲಿ ಸ್ನಾನ ಮಾಡ್ತಿದ್ರಾ?"

ಅವರು ಮಗನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ತಣ್ಣೀರೇನಲ್ಲ ಬಿಡೇ. ಬೇಸಿಗೇಲಿ ಬೆಚ್ಚಗೇ ಬರತ್ತೆ. ಚಳಿಗಾಲದಲ್ಲಿ ಆ ಸೂರ್ಯಂಗೇ ಚಳಿ, ನೀರೇನು ಕಾಯಿಸ್ತಾನೆ?"

"ಒಂದು ಮಾತು ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ನೀವಿಬ್ರೂ ಅದೇ ನೀರಲ್ಲೇ ಮಾಡ್ತಿದ್ರಿ, ಒಬ್ರೂ ಚಕಾರ ಎತ್ತಲಿಲ್ಲ. ಇವನಂತೂ ಚಿಕ್ಕೋನಿದ್ದಾಗ ನೀರು ಒಂಚೂರು ಆರಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಅರಚ್ತಿದ್ದ. ಅಂಥೋನೇ ಹೆಂಡ್ತಿ ಮಾತು ಉಳೀಲಿ ಅಂತ ಸುಮ್ನಿದಾನೆ. ನಾನು ಬಾಯಿ ಬಿಟ್ಟು ನಿನ್ನ ಮಾನ ಕಳೀಲಾ?" ಇಷ್ಟು ಹೇಳುವಷ್ಟರಲ್ಲಿ ನಾಲ್ಕು ಸಲ ನಿಂತು ಉಸಿರೆಳೆದುಕೊಂಡರು. "ಐದು ವರ್ಷ ತಾನೇ? ಅಸಲು ಹುಟ್ಟಿದ್ಮೇಲೆ ಹಂಡೆ ಹಚ್ಚೋಣ ಅಂತಿದ್ದೆ. ಇನ್ನೆರಡು ವರ್ಷ ಹೇಗೋ ಕಳೀತಿತ್ತು."

ನಮ್ಮ ಯಜಮಾನರು ಲೋಟ ಕೆಳಗಿಟ್ಟು ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಹಾಕಿ ನಿಂತರು. ನಾನು ಅತ್ತೆಗೆ ಪೈಪಿನ ವಿಷಯ ಹೇಳಲು ಬಾಯಿ ತೆರೆದೆ, ಹೇಳಲಾಗಲಿಲ್ಲ.

ಹತ್ತು ದಿನ ಅಲ್ಲಿದ್ದರು. ಆ ನಡುವೆ ಪೈಪಿಗೆ ಸುತ್ತಿಸಿಯಾಯಿತು. ಸಾವಿರದಿನ್ನೂರು ಇದ್ದದ್ದು ಸಾವಿರದೇಳುನೂರು ಆಗಿತ್ತು. ನಮ್ಮ ಯಜಮಾನರೇ ಕೊಟ್ಟರು, ಕ್ಯಾಲೆಂಡರಿನ ಹಿಂದೆ ಬರೆಯಲು ನನ್ನನ್ನು ಬಿಡಲಿಲ್ಲ. ನರ್ಸಿಂಗ್ ಹೋಮಿನ ಬಿಲ್ಲನ್ನು ಮಾತ್ರ ನಾನು ಕದ್ದು ಬರೆದೆ. ಅದನ್ನು ಸೇರಿಸಿದರೆ ಅಸಲು ಹುಟ್ಟುವುದಕ್ಕೆ ಒಂಬತ್ತು ವರ್ಷ ಬೇಕಿತ್ತು. ಷರತ್ತಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಅತ್ತೆ ಮನೆಗೆ ಬಂದ ಮೂರನೇ ದಿನ ಡಾಕ್ಟರು ತಲೆಗೆ ಬೇಡ, ಮೈಗೆ ನೀರು ಹಾಕಿಕೊಳ್ಳಬಹುದು ಎಂದರು. ನಾನು ಅವರಿಗಿಂತ ಮುಂಚೆ ಎದ್ದು, ಮೈಲಿಗೆಯೋ ಮತ್ತೊಂದೋ, ಬಚ್ಚಲಿಗೆ ಹೋಗಿ ಮೊದಲ ನೀರನ್ನು ಪಾತ್ರೆ ತೊಳೆಯುವ ಡ್ರಮ್ಮಿಗೆ ಹಿಡಿದೆ. ಹಬೆ ಏಳುವ ತನಕ ಬಿಟ್ಟು, ಅವರ ಬಕೆಟ್ಟು ತುಂಬಿಸಿ ಹೊರಗೆ ಬಂದೆ. ಬಾಗಿಲು ಹಾಕಿಕೊಂಡರು. ಬೀಳುತ್ತಾರೇನೋ ಎಂಬ ಹೆದರಿಕೆಗೆ ನಾನು ಹೊರಗೇ ನಿಂತಿದ್ದೆ. ಚೊಂಬು ಬಕೆಟ್ಟಿಗೆ ಅದ್ದಿದ ಸದ್ದು. ಆಮೇಲೆ ಚೊಂಬು ನೆಲಕ್ಕೆ ಬಿದ್ದು ಉರುಳಿದ ಸದ್ದು.

"ಅಮ್ಮಾ? ಏನಾಯ್ತು?"

"ಸುಡತ್ತಲ್ಲೇ!"

"ಪಕ್ಕದ ನಲ್ಲಿ ಬಿಟ್ಟು ತಣ್ಣೀರು ಬೆರೆಸ್ಕೊಳ್ಳಿ ಅಮ್ಮ."

ಬಾಗಿಲ ಸಂದಿಯಿಂದ ಹಬೆ ಬರುತ್ತಿತ್ತು. ಆಮೇಲೆ ಅವರು ಕೇಳಿದರು, ಆಪಾದನೆಯೇನೂ ಇರಲಿಲ್ಲ, ಬರೀ ಸೋಜಿಗ. "ನಿಮಗೆ ದಿನಾ ಹೀಗೇ ಬರ್ತಿತ್ತೇನೆ?"

"ಹೂಂ ಅಮ್ಮ," ಎಂದೆ. "ದಿನಾ."